ನರಕ್ಕೂ ಸ್ನಾಯುವಿಗೂ ನಡುವೆ

ದಾವಣಗೆರೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ‘ಲೇಡಿ ಡಾಕ್ಟ್ರು’ ಅಂದರೆ ಸಾಕಿತ್ತು. ಹೆರಿಗೆಗೆ ಕರೆಯುತ್ತಿದ್ದರು, ಹೆರಿಗೆ ಆದ ಮೇಲೆ ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು. ಜ್ವರ, ಕೆಮ್ಮು, ಲಕ್ವ ಇವಕ್ಕೆಲ್ಲ ಗಂಡಸು ಡಾಕ್ಟರೇ ಆಗಬೇಕಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಊರಿನ ಹೊತ್ತು ಹತ್ತಿ ಗಿರಣಿಗಳ ಕೂಗಿನ ಮೇಲೆ ನಡೆಯುತ್ತಿತ್ತು. ಪಿ.ಜೆ. ಬಡಾವಣೆಯಲ್ಲಿ ಡಾಕ್ಟರ್ ಗುರುಸಿದ್ದಪ್ಪನವರ ಸಣ್ಣ ನರ್ಸಿಂಗ್ ಹೋಮ್ ಇತ್ತು. ಅವರಿಗೆ ಹೆರಿಗೆ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು, ನನಗೆ ಹರಿಹರದ ನಮ್ಮ ಮನೆಯಿಂದ ರೈಲಿನಲ್ಲಿ ಓಡಾಡುವಷ್ಟು ಹತ್ತಿರ ಕೆಲಸ ಬೇಕಾಗಿತ್ತು. ಹಾಗೆ ಸೇರಿದೆ.

ಈಗ ಕೆಲಸಕ್ಕೆ ಸೇರುವ ಎಳೆಯ ಡಾಕ್ಟರುಗಳು ಬಂದು, ‘ನಿಮ್ಮ ಕಾಲದಲ್ಲಿ ಸ್ಕ್ಯಾನ್ ಇಲ್ಲದೆ ಹೇಗೆ ರೋಗ ಹಿಡಿಯುತ್ತಿದ್ದಿರಿ’ ಎಂದು ಕೇಳುತ್ತಾರೆ. ಹೆರಿಗೆಯ ಕಥೆ ಹೇಳಲು ಕೂತರೆ ಮುಗಿಯುವುದಿಲ್ಲ, ಎಲ್ಲವೂ ಒಂದೇ ಥರ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಹೆರಿಗೆ ಕೋಣೆಯ ಹೊರಗೆ ಕಂಡ ಕೆಲವು ಸಂಗತಿಗಳು. ಅವೆಲ್ಲ ನಡೆದದ್ದು ಕಣ್ಣಿಗೆ ಕಾಣದ ಒಂದು ಜಾಗದಲ್ಲಿ.

ಮೈಸೂರಿನಲ್ಲಿ ಓದುವಾಗ ನಮ್ಮ ಶರೀರಕ್ರಿಯೆಯ ಮೇಷ್ಟ್ರು ಒಂದು ಪ್ರಯೋಗ ತೋರಿಸಿದ್ದರು. ಎರಡು ಗಾಜಿನ ಬಟ್ಟಲು, ಎರಡು ಕಪ್ಪೆಯ ಹೃದಯ, ಎರಡೂ ಉಪ್ಪುನೀರಿನಲ್ಲಿ ಬಡಿಯುತ್ತಿದ್ದವು. ಮೊದಲನೆಯ ಹೃದಯಕ್ಕೆ ಬರುವ ನರಕ್ಕೆ ವಿದ್ಯುತ್ತು ತಾಗಿಸಿದರು, ಅದರ ಬಡಿತ ನಿಧಾನವಾಯಿತು. ಆಮೇಲೆ ಅದರ ಸುತ್ತಲಿನ ನೀರನ್ನು ಹೀರಿ ಎರಡನೆಯ ಹೃದಯದ ಮೇಲೆ ಬಿಟ್ಟರು. ಅದಕ್ಕೆ ನರವೇ ಇರಲಿಲ್ಲ, ಆದರೂ ಅದೂ ನಿಧಾನವಾಯಿತು. ‘ನರ ತುದಿಗೆ ಬಂದು ನಿಂತುಬಿಡುತ್ತದೆ, ಮುಂದಿನದನ್ನು ಮುಟ್ಟುವುದಿಲ್ಲ. ನಡುವೆ ಸಂದು ಇದೆ. ಆ ಸಂದಿನಲ್ಲಿ ಒಂದು ರಸ ಬಿಡುತ್ತದೆ. ರಸ ದಾಟಿ ಹೋಗಿ ಹೇಳುತ್ತದೆ, ನರ ಅಲ್ಲ’ ಎಂದರು ಮೇಷ್ಟ್ರು. ಆ ರಸದ ಹೆಸರು ಅಸಿಟೈಲ್‌ಕೋಲಿನ್. ಪರೀಕ್ಷೆಗೆ ಬರೆದು ಮರೆತೆ. ಮೈಸೂರಿನ ಗಾಜಿನ ಬಟ್ಟಲಲ್ಲಿ ನಡೆದದ್ದಕ್ಕೂ ಹರಿಹರದ ರೈಲು ನಿಲ್ದಾಣಕ್ಕೂ ಸಂಬಂಧ ಇದ್ದೀತೆಂದು ಆಗ ಯಾರು ಅಂದುಕೊಳ್ಳುತ್ತಾರೆ.

ಸಂಬಂಧ ಕಂಡದ್ದು ಕೆಲಸಕ್ಕೆ ಸೇರಿದ ಹೊಸತರಲ್ಲೇ. ರೈಲಿನಲ್ಲಿ ಜೊತೆಯವರು ಕೊಟ್ಟ ತಿಂಡಿ ತಿಂದು ಎಚ್ಚರ ತಪ್ಪಿದ ಒಬ್ಬ ಬಟ್ಟೆ ವ್ಯಾಪಾರಿಯನ್ನು ಹರಿಹರದಲ್ಲಿ ಇಳಿಸಿ ನಮ್ಮಲ್ಲಿಗೆ ತಂದರು. ಜೊತೆಯವರೂ ಇಲ್ಲ, ಗಂಟೂ ಇಲ್ಲ. ಮನುಷ್ಯ ಗಾಳಿಯಲ್ಲಿ ಏನೋ ದಾರ ಎಳೆಯುತ್ತಿದ್ದ, ಯಾರನ್ನೋ ಕರೆದು ಅಳತೆ ಹೇಳುತ್ತಿದ್ದ. ಮುಖ ಕೆಂಪು, ಮೈ ಸುಡುವಷ್ಟು ಬಿಸಿ, ಆದರೆ ಒಂದು ಹನಿ ಬೆವರಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಕಣ್ಣಿನ ಪಾಪೆ ಇಷ್ಟಗಲ.

ಗುರುಸಿದ್ದಪ್ಪನವರು ಬಾಗಿಲಲ್ಲೇ ನಿಂತು ನೋಡಿ, ‘ದತ್ತೂರಿ. ಹೊಟ್ಟಿ ತೊಳೀರಿ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಯಾಕ ಒಣಗ್ಯಾನೆ ಹೇಳಮ್ಮ’ ಎಂದರು.

ನಾನು ಹೊಟ್ಟೆ ತೊಳೆಯುವ ಕೊಳವೆ ತೆಗೆದುಕೊಂಡೆ. ಅವರೇ ಹೇಳಿದರು:

‘ನರ ರಸ ಬಿಡ್ತಾ ಐತೆ. ಅದು ಹೋಗಿ ಕೂಡ್ರೋ ಜಾಗದಾಗೆ ದತ್ತೂರಿ ಮೊದ್ಲೇ ಹೋಗಿ ಕುಂತೈತೆ. ಬಸ್ಸಿನಾಗೆ ಸೀಟಿಗೆ ಟವಲ್ ಹಾಕಿದಂಗೆ. ಬೆವರು ಬಾ ಅಂತ ನರ ಹೇಳಿದ್ದು ಬೆವರಿಗೆ ಕೇಳ್ತಿಲ್ಲ.’

ಅವರು ಹಳೆಯ ಕಾಲದ ಡಾಕ್ಟರು. ಇಂಗ್ಲಿಷ್ ಪುಸ್ತಕ ತರಿಸಿ ಓದುತ್ತಿದ್ದರು, ಹೇಳುವುದು ಮಾತ್ರ ಹೀಗೆ. ವ್ಯಾಪಾರಿ ಎರಡು ದಿನದಲ್ಲಿ ಸರಿಯಾದ.

ಇದಕ್ಕೆ ಪೂರ್ತಿ ತಿರುಗಾಮುರುಗಾ ಇನ್ನೊಂದು ಪ್ರಕರಣ ಅದೇ ವರ್ಷ ಪಕ್ಕದ ಹದಡಿ ಹಳ್ಳಿಯಿಂದ ಬಂತು. ಹತ್ತಿ ಹೊಲಕ್ಕೆ ಹೊಸ ಔಷಧಿ ಹೊಡೆಯುವುದು ಆಗ ತಾನೇ ಶುರುವಾಗಿತ್ತು. ಪ್ಯಾರಾಥಿಯಾನ್ ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ‘ಎಣ್ಣೆ’ ಅನ್ನುತ್ತಿದ್ದರು. ಬಸಣ್ಣ ಎಂಬ ಗಟ್ಟಿ ಆಳು, ಅಂಗಿ ಬಿಚ್ಚಿ, ಗಾಳಿಗೆ ಎದುರಾಗಿ ಮಧ್ಯಾಹ್ನದ ತನಕ ಎಣ್ಣೆ ಹೊಡೆದಿದ್ದಾನೆ. ಗಾಡಿಯಲ್ಲಿ ಮಲಗಿಸಿಕೊಂಡು ಅವನ ಅಣ್ಣ ಬಂದ. ಬಾಯಲ್ಲಿ ಜೊಲ್ಲು ಧಾರೆಯಾಗಿ ಸುರಿಯುತ್ತಿತ್ತು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ. ಪಾಪೆ ಸಾಸಿವೆ ಕಾಳಿನಷ್ಟು. ಚರ್ಮದ ಕೆಳಗೆ ಸ್ನಾಯುಗಳು ಹುಳ ಹರಿದ ಹಾಗೆ ಮಿಡುಕುತ್ತಿದ್ದವು.

‘ಕುಡಿದಿಲ್ರಿ, ದೇವರಾಣೆಗೂ ಕುಡಿದಿಲ್ರಿ’ ಎಂದು ಅಣ್ಣ ಹೇಳುತ್ತಲೇ ಇದ್ದ.

‘ಕುಡಿದಿಲ್ಲಪ್ಪ, ನಂಗೆ ಗೊತ್ತೈತೆ. ಚರ್ಮದಾಗಿಂದ ಹೋಗೈತೆ. ಮೈ ತೊಳಿ, ಸೋಪು ಹಚ್ಚಿ ತೊಳಿ’ ಎಂದರು ಗುರುಸಿದ್ದಪ್ಪನವರು.

ಆ ಸಂದಿನಲ್ಲಿ ರಸ ಬಿದ್ದು ಕೆಲಸ ಮುಗಿದ ಕೂಡಲೇ ಅದನ್ನು ಒಡೆದು ಹಾಕುವ ಒಂದು ಕಿಣ್ವ ಇದೆ. ಮಾತು ಮುಗಿದ ಮೇಲೆ ಹಲಗೆ ಒರೆಸಿದ ಹಾಗೆ. ಎಣ್ಣೆ ಆ ಕಿಣ್ವವನ್ನೇ ಕೊಲ್ಲುತ್ತದೆ. ಆಗ ರಸ ಹೋಗದೆ ನಿಂತು ಅದನ್ನೇ ಹೇಳುತ್ತಾ ಹೋಗುತ್ತದೆ: ಬೆವರು, ಜೊಲ್ಲು, ಮಿಡುಕು. ಕೊನೆಗೆ ಸ್ನಾಯು ಕೇಳಿ ಕೇಳಿ ಸೋತು ಸುಮ್ಮನಾಗುತ್ತದೆ. ಉಸಿರಾಡುವ ಸ್ನಾಯುವೂ ಅಷ್ಟೇ. ಇದಕ್ಕೆ ನಮ್ಮ ಔಷಧಿ ಆಟ್ರೊಪಿನ್, ಅಂದರೆ ದತ್ತೂರಿಯ ಕುಲದ್ದೇ. ರೈಲಿನ ಕಳ್ಳರ ವಿಷ ಇಲ್ಲಿ ಮದ್ದು. ಸೂಜಿ ಚುಚ್ಚಿದೆವು, ಕಾದೆವು, ಮತ್ತೆ ಚುಚ್ಚಿದೆವು. ಪಾಪೆ ಅಗಲವಾಗಿ ಬಾಯಿ ಒಣಗುವ ತನಕ ನಿಲ್ಲಿಸಬೇಡ ಎಂದರು. ಪುಸ್ತಕದಲ್ಲಿದ್ದ ಪ್ರಮಾಣ ದಾಟಿತು, ನಾನು ಮತ್ತೊಂದು ಆಂಪೂಲ್ ಒಡೆದೆ. ಅವರು ಸ್ಟೂಲಿನ ಮೇಲೆ ಕೂತು ಬಸಣ್ಣನ ಕಣ್ಣನ್ನೇ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಅವನು ‘ನೀರು’ ಎಂದ. ಬಾಯಿ ಒಣಗಿತ್ತು. ಅಂಥ ಒಳ್ಳೆಯ ಮಾತನ್ನು ನಾನು ಆಸ್ಪತ್ರೆಯಲ್ಲಿ ಕೇಳಿದ್ದು ಕಡಿಮೆ.

ಹಾಲಮ್ಮ ಬಂದದ್ದು ಇದಾದ ಮುಂದಿನ ಬೇಸಿಗೆಯಲ್ಲಿ.

ಅವಳು ಹರಿಹರದ ಹುಡುಗಿ, ಮದುವೆಯಾಗಿ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮನೆಗೆ ಬಂದಿದ್ದಳು. ಗಂಡ ಹನುಮಂತಪ್ಪನದು ಮಾತು ಕಡಿಮೆ. ಭಟ್ಟಿ ನಡೆಸುತ್ತಿದ್ದವರು ಅತ್ತೆ ಕೊಟ್ರಮ್ಮ. ಕಾದ ಉಸುಕಿನಲ್ಲಿ ಅಕ್ಕಿ ಹಾಕಿ, ಉದ್ದ ಹಿಡಿಯ ಸಟ್ಟುಗದಲ್ಲಿ ಆಡಿಸಿ, ಅರಳಿದ ಕೂಡಲೇ ಜರಡಿಗೆ ಸುರಿಯುವುದು ಇಡೀ ದಿನದ ಕೆಲಸ. ಕೊಟ್ರಮ್ಮನ ತೋಳು ಗಂಡಸಿನ ತೋಳಿನ ಹಾಗಿತ್ತು.

‘ನೋಡ್ರಿ ಡಾಕ್ಟ್ರೆ, ಮುಂಜಾನೆ ಚಲೋ ಇರ್ತಾಳೆ. ನೀರು ತರ್ತಾಳೆ, ಕಸ ಹೊಡಿತಾಳೆ. ಭಟ್ಟಿ ಮುಂದೆ ನಿಂತ್ಲಂದ್ರೆ ತೂಕಡಿಕೆ. ಮಧ್ಯಾಹ್ನದಾಗೆ ಕೈ ಬಿಡ್ತಾಳೆ. ಉಣ್ಣಾಕ ಕುಂತ್ರೆ ಅಗಿಯಾಕೂ ಬ್ಯಾಸರ. ಏನಾರ ಅಂದ್ರೆ ಮೂಗಿನಾಗೆ ಉತ್ತರ ಕೊಡ್ತಾಳೆ, ಅಣಕಿಸಿದಂಗೆ’ ಎಂದರು ಕೊಟ್ರಮ್ಮ. ಹಾಲಮ್ಮ ತಲೆ ತಗ್ಗಿಸಿ ಕೂತಿದ್ದಳು.

ಗುರುಸಿದ್ದಪ್ಪನವರು ಪರೀಕ್ಷೆ ಮಾಡಿದರು. ಕೈ ಹಿಡಿತ ಚೆನ್ನಾಗಿತ್ತು, ಕಣ್ಣು ಚೆನ್ನಾಗಿತ್ತು, ಮೊಣಕಾಲು ತಟ್ಟಿದರೆ ಕಾಲು ಚಿಮ್ಮಿತು. ರಕ್ತ ಸ್ವಲ್ಪ ಕಡಿಮೆ. ಕಬ್ಬಿಣದ ಟಾನಿಕ್ ಬರೆದರು. ಅತ್ತೆ ಸೊಸೆ ಹೋದ ಮೇಲೆ ನನಗೆ, ‘ಹೊಸ ಮದುವಿ, ತವರುಮನಿ ನೆನಪು. ಮನಸಿನ ಸಂಕಟ ಮೈಗೆ ಬಂದೈತೆ’ ಎಂದರು. ನನಗೂ ಸರಿ ಅನ್ನಿಸಿತು. ಅವರು ನೋಡಿದ್ದು ಬೆಳಗಿನ ಒಂಬತ್ತರ ಹೊತ್ತಿಗೆ. ರೋಗಿಗಳನ್ನು ನೋಡುವ ಸಮಯವೇ ಅದು.

ಕೆಲವು ವಾರದ ನಂತರ ಅದೇ ಭಟ್ಟಿಯ ಓಣಿಗೆ ಒಂದು ಹೆರಿಗೆಗೆ ಹೋಗಿದ್ದೆ. ಮುಗಿಸಿ ಹೊರಗೆ ಬರುವಾಗ ಸಂಜೆ. ಕೊಟ್ರಮ್ಮ ತಮ್ಮ ಬಾಗಿಲಿನಿಂದ ಕರೆದರು.

‘ಡಾಕ್ಟ್ರಮ್ಮಾರೆ, ಬರ್ರಿ ಒಳಗೆ. ಟಾನಿಕ್ಕು ಕುಡಿದ ಚೆಂದ ನೋಡಬರ್ರಿ.’

ಒಳಗೆ ಹಾಲಮ್ಮ ಉಣ್ಣುತ್ತಿದ್ದಳು. ಎಡಗೈ ಮುಷ್ಟಿಯನ್ನು ಗದ್ದದ ಕೆಳಗೆ ಇಟ್ಟು, ದವಡೆಯನ್ನು ಕೈಯಿಂದಲೇ ಮೇಲೆತ್ತಿ ಅಗಿಯುತ್ತಿದ್ದಳು. ಕಣ್ಣಿನ ರೆಪ್ಪೆ ಅರ್ಧ ಇಳಿದಿತ್ತು, ಒಂದು ಹೆಚ್ಚು, ಒಂದು ಕಡಿಮೆ. ನನ್ನನ್ನು ನೋಡಲು ಅವಳು ರೆಪ್ಪೆ ಎತ್ತಲಿಲ್ಲ, ತಲೆಯನ್ನೇ ಹಿಂದಕ್ಕೆ ಚೆಲ್ಲಿದಳು.

‘ನೋಡಿದ್ರಾ ಸೊಕ್ಕು’ ಎಂದರು ಕೊಟ್ರಮ್ಮ. ‘ಬರೋ ಸೋಮವಾರ ಇವಳ ಅಣ್ಣ ಹರಿಹರದಿಂದ ಬರ್ತಾನೆ. ಕರ್ಕೊಂಡು ಹೋಗ್ಲಿ ಅಂತ ಹೇಳಿ ಕಳಿಸೀನಿ. ನನ್ನ ಮಗಂಗೆ ಬ್ಯಾರೆ ಹೆಣ್ಣು ನೋಡ್ತೀನಿ.’

ನಾನು ಹಾಲಮ್ಮನ ಎದುರು ಕೂತು ಒಂದರಿಂದ ಎಣಿಸಲು ಹೇಳಿದೆ. ಮೊದಲು ಸ್ಪಷ್ಟವಾಗಿತ್ತು. ಹೋಗುತ್ತಾ ಹೋಗುತ್ತಾ ಮಾತು ಮೂಗಿಗೆ ಏರಿತು, ಆಮೇಲೆ ಬರೀ ಗಾಳಿ. ಮಾಡಿನ ತೊಲೆಯನ್ನು ನೋಡುತ್ತಾ ಇರು ಎಂದೆ. ರೆಪ್ಪೆಗಳು ಮೆಲ್ಲಗೆ, ಅವಳು ತಡೆಯುತ್ತಿದ್ದರೂ, ಇಳಿದು ಮುಚ್ಚಿಕೊಂಡವು. ‘ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಸುಮ್ಮನೆ ಒರಗು’ ಎಂದೆ. ಒರಗಿದಳು. ಮತ್ತೆ ಎಬ್ಬಿಸಿದಾಗ ಕಣ್ಣು ತೆರೆದಿದ್ದವು, ಮಾತು ಬಂದಿತ್ತು.

‘ಎಷ್ಟು ದಿನದಿಂದ ಹೀಗೆ’ ಎಂದು ಕೇಳಿದೆ.

‘ಮದುವಿ ಮುಂಚೆಯಿಂದ ಒಂಚೂರು ಇತ್ತು. ಹೇಳಿದ್ರೆ ಯಾರು ನಂಬ್ತಾರೆ ಅಕ್ಕಾರೆ. ನಂಗೇ ನಂಬಿಕಿ ಇಲ್ಲ. ಮುಂಜಾನೆ ಎದ್ರೆ ಏನೂ ಇರಂಗಿಲ್ಲ. ನಾನೇ ಸೋಮಾರಿ ಇರಬೇಕು ಅನ್ಕೊಂಡೀನಿ’ ಎಂದಳು.

ಮರುದಿನ ಗುರುಸಿದ್ದಪ್ಪನವರಿಗೆ ಹೇಳಲು ನನಗೆ ಹೆದರಿಕೆಯಿತ್ತು. ಅವರು ಒಮ್ಮೆ ನೋಡಿ ಹೇಳಿದ್ದನ್ನು ಮತ್ತೆ ಎತ್ತಿದವರು ಯಾರೂ ಇರಲಿಲ್ಲ. ನಾನು ಹೇಳುತ್ತಿದ್ದಾಗ ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸುತ್ತಾ ಕೇಳಿದರು.

‘ಸಂಜಿಗೆ ಕರೆಸು’ ಎಂದರು.

ಸಂಜೆ ಅವರು ಕ್ಲಬ್ಬಿಗೆ ಹೋಗುವವರು. ಅವತ್ತು ಹೋಗಲಿಲ್ಲ. ಹಾಲಮ್ಮನನ್ನು ಎಣಿಸಲು ಹೇಳಿದರು, ತೋಳು ಚಾಚಿಸಿ ನಿಲ್ಲಿಸಿದರು. ತೋಳು ಇಳಿಯುವ ತನಕ ನೋಡಿ ಕೂತುಬಿಟ್ಟರು. ‘ಮುಂಜಾನೆ ಡಾಕ್ಟ್ರಿಗೆ ಮುಂಜಾನೆ ರೋಗ ಮಾತ್ರ ಕಾಣ್ತೈತೆ. ಓದಿದ್ದೆ, ನೋಡಿರ್ಲಿಲ್ಲ. ಮೈಸ್ತೇನಿಯಾ ಇರಬೇಕು ಇದು, ಸ್ನಾಯು ಸೋಲೋ ರೋಗ’ ಎಂದರು. ತಪ್ಪು ಒಪ್ಪಿಕೊಳ್ಳಲು ಅವರಿಗೆ ಅಷ್ಟೇ ಮಾತು ಸಾಕಾಯಿತು.

ಪರೀಕ್ಷಿಸುವ ದಾರಿ ಒಂದೇ ಇತ್ತು, ನಿಯೋಸ್ಟಿಗ್ಮಿನ್ ಸೂಜಿ. ಅದು ಸಂದಿನಲ್ಲಿ ರಸ ಒಡೆಯುವ ಕಿಣ್ವವನ್ನು ಕೆಲವು ಗಂಟೆ ಮಾತ್ರ ತಡೆಯುತ್ತದೆ, ಆಗ ಇರುವಷ್ಟು ರಸವೇ ಹೆಚ್ಚು ಹೊತ್ತು ನಿಂತು ಸ್ನಾಯುವಿಗೆ ಹೇಳುತ್ತದೆ. ‘ಹೊಲಕ್ಕೆ ಹೊಡೆಯೋ ಎಣ್ಣೆಯ ತಂಗಿ ಇದು, ಮರೀಬ್ಯಾಡ’ ಎಂದು ನನಗೆ ಹೇಳಿದರು. ಆ ಔಷಧಿ ನಮ್ಮಲ್ಲಿರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಿ ಆಮೇಲೆ ಎಚ್ಚರಿಸಲು ಅದನ್ನು ಬಳಸುವ ಪರಿಚಯದ ಅರಿವಳಿಕೆ ಡಾಕ್ಟರೊಬ್ಬರ ಹತ್ತಿರ ಎರಡು ಆಂಪೂಲ್ ಕೇಳಿ ತಂದೆ.

ಕೊಟ್ರಮ್ಮ, ಹನುಮಂತಪ್ಪ ಇಬ್ಬರನ್ನೂ ಎದುರಿಗೇ ಕೂರಿಸಿಕೊಂಡು ಸೂಜಿ ಕೊಟ್ಟೆವು. ಹೊರಗೆ ಜಟಕಾ ಗಾಡಿಯವನು ಯಾರನ್ನೋ ಬೈಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಹಾಲಮ್ಮನ ಎಡಗಣ್ಣಿನ ರೆಪ್ಪೆ ಅಲುಗಿತು. ಆಮೇಲೆ ಎರಡೂ ಮೇಲೆದ್ದವು. ಅವಳು ತಲೆ ಹಿಂದಕ್ಕೆ ಚೆಲ್ಲದೆ ನೇರವಾಗಿ ಅತ್ತೆಯನ್ನು ನೋಡಿದಳು. ಕೊಟ್ರಮ್ಮನಿಗೆ ಸೊಸೆಯ ಕಣ್ಣು ಸಂಜೆ ಹೊತ್ತಿನಲ್ಲಿ ಪೂರ್ತಿ ಕಂಡದ್ದು ಅದೇ ಮೊದಲಿರಬೇಕು.

‘ಮಾತಾಡು’ ಎಂದರು ಗುರುಸಿದ್ದಪ್ಪನವರು.

‘ಏನು ಮಾತಾಡ್ಲಿ’ ಎಂದಳು ಹಾಲಮ್ಮ. ಮೂಗಿನಲ್ಲಿ ಅಲ್ಲ, ಬಾಯಿಂದ. ತನ್ನ ಧ್ವನಿ ತಾನೇ ಕೇಳಿ ಅತ್ತಳು.

ಹನುಮಂತಪ್ಪ ಎದ್ದು ಹೊರಗೆ ಹೋಗಿ ನಿಂತ. ಕೊಟ್ರಮ್ಮ ಕೇಳಿದರು: ‘ಏನಾಗೈತ್ರಿ ಇವಳಿಗೆ?’

ನಾನು ಹೇಳಿದೆ. ತಲೆಯಿಂದ ಅಪ್ಪಣೆ ಬರುತ್ತದೆ, ನರ ಚೆನ್ನಾಗಿದೆ. ಸ್ನಾಯುವೂ ಚೆನ್ನಾಗಿದೆ. ನಡುವೆ ಒಂದು ರಸ ಅಪ್ಪಣೆಯನ್ನು ದಾಟಿಸಬೇಕು, ಅದು ಸರಿಯಾಗಿ ತಲುಪುತ್ತಿಲ್ಲ. ವಿಶ್ರಾಂತಿ ಕೊಟ್ಟರೆ ಸ್ವಲ್ಪ ತಲುಪುತ್ತದೆ, ಕೆಲಸ ಮಾಡಿದಂತೆಲ್ಲ ಕಡಿಮೆಯಾಗುತ್ತದೆ. ಬಿಸಿ ತಾಗಿದರೆ ಇನ್ನೂ ಕಡಿಮೆ.

ಕೊಟ್ರಮ್ಮ ಯೋಚಿಸಿದರು. ‘ಬೆಂಕಿ ಚಲೋ ಐತೆ, ಅಕ್ಕಿ ಚಲೋ ಐತೆ, ನಡುವಿನ ಉಸುಕು ಕಾದಿಲ್ಲ. ಹಂಗಾದ್ರೆ ಅಕ್ಕಿ ಅರಳಂಗಿಲ್ಲ.’

ಗುರುಸಿದ್ದಪ್ಪನವರು ನನ್ನ ಕಡೆ ನೋಡಿದರು. ಅದಕ್ಕಿಂತ ಚೆನ್ನಾಗಿ ನಾವಿಬ್ಬರೂ ಹೇಳುತ್ತಿರಲಿಲ್ಲ. ಸೋಮವಾರ ಅಣ್ಣ ಹರಿಹರದಿಂದ ಬಂದ, ಉಂಡು, ತಂಗಿಯನ್ನು ಬಿಟ್ಟು ಹೋದ.

ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳುವುದು ಸುಲಭ. ಅದೇ ಔಷಧಿಯ ಗುಳಿಗೆ ಶುರು ಮಾಡಿದೆವು. ಊಟಕ್ಕೆ ಮುಂಚೆ ನುಂಗಬೇಕು, ಕಸುವು ಇರುವಾಗಲೇ ಉಣ್ಣಬೇಕು, ಭಟ್ಟಿಯ ಮುಂದೆ ನಿಲ್ಲಬಾರದು. ಹಾಲಮ್ಮ ನಕ್ಕರೆ ಕೆನ್ನೆಯ ಸ್ನಾಯು ಏಳದೆ ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು, ಅದೂ ಸರಿಹೋಯಿತು. ದಸರೆ ಹತ್ತಿರ ಬಂತು. ಭಟ್ಟಿಗಳಿಗೆ ಆಗ ಬಿಡುವಿಲ್ಲ. ಇಷ್ಟು ದಿನ ಸೋಮಾರಿ ಅನ್ನಿಸಿಕೊಂಡವಳು, ಒಂದು ಗುಳಿಗೆಗೆ ಇಷ್ಟು ಕಸುವು ಬಂದರೆ ಇನ್ನೊಂದಕ್ಕೆ ಎಷ್ಟು ಬರಬೇಡ ಎಂದು ಯಾರಿಗೂ ಹೇಳದೆ ಒಂದು ಹೆಚ್ಚು ನುಂಗಿದಳು, ಆಮೇಲೆ ಮತ್ತೊಂದು. ಸಟ್ಟುಗ ಹಿಡಿದು ಭಟ್ಟಿಯ ಮುಂದೆ ನಿಂತಳು. ನಮಗೆ ಇದು ಗೊತ್ತಾದದ್ದು ಆಮೇಲೆ.

ಒಂದು ಮಧ್ಯಾಹ್ನ ಕೊಟ್ರಮ್ಮ ಅವಳನ್ನು ಜಟಕಾದಲ್ಲಿ ಹಾಕಿಕೊಂಡು ಬಂದರು. ಹಾಲಮ್ಮನಿಗೆ ಕತ್ತು ನಿಲ್ಲುತ್ತಿರಲಿಲ್ಲ, ಉಸಿರು ಮೇಲೆ ಮೇಲೆ. ಗುರುಸಿದ್ದಪ್ಪನವರು ಚಿತ್ರದುರ್ಗಕ್ಕೆ ಹೋಗಿದ್ದರು.

‘ಗುಳಿಗಿ ಸಾಲ್ದಾಗೈತೆ ಡಾಕ್ಟ್ರಮ್ಮ. ಅವತ್ತಿನ ಸೂಜಿ ಚುಚ್ಚಿಬಿಡ್ರಿ, ಕಣ್ಣು ತೆಗೀತಾಳೆ’ ಎಂದರು ಕೊಟ್ರಮ್ಮ.

ಅವತ್ತು ತಂದದ್ದರಲ್ಲಿ ಒಂದು ಆಂಪೂಲ್ ನಮ್ಮಲ್ಲಿ ಉಳಿದಿತ್ತು. ಮೊದಲ ಯೋಚನೆ ನನಗೂ ಅದೇ. ಆ ರೋಗದ ಕಷ್ಟ ಇದು: ಔಷಧಿ ಕಡಿಮೆಯಾದರೂ ಸ್ನಾಯು ಸೋಲುತ್ತದೆ, ಹೆಚ್ಚಾದರೂ ಸೋಲುತ್ತದೆ. ದೂರದಿಂದ ಎರಡೂ ಒಂದೇ. ಒಂದಕ್ಕೆ ಸೂಜಿ ಕೊಟ್ಟರೆ ಬದುಕುತ್ತಾರೆ, ಇನ್ನೊಂದಕ್ಕೆ ಕೊಟ್ಟರೆ ಸಾಯುತ್ತಾರೆ.

ಸೆರಗಿನಿಂದ ಅವಳ ಬಾಯಿ ಒರೆಸಿದೆ. ಜೊಲ್ಲು ನಿಲ್ಲಲಿಲ್ಲ. ರವಿಕೆ ಬೆವರಿಗೆ ತೊಯ್ದು ಅಂಟಿತ್ತು. ರೆಪ್ಪೆ ಎತ್ತಿ ನೋಡಿದೆ: ಪಾಪೆ ಸಾಸಿವೆಯಷ್ಟು. ತೋಳಿನ ಚರ್ಮದ ಕೆಳಗೆ ಹುಳ ಹರಿದ ಹಾಗೆ ಮಿಡುಕು. ಹದಡಿಯ ಬಸಣ್ಣ ಇದೇ ಮಂಚದ ಮೇಲೆ ಮಲಗಿದ್ದ.

‘ಆ ಸೂಜಿ ಕೊಡೋದಿಲ್ಲ. ಔಷಧಿ ಹೆಚ್ಚಾಗಿದೆ. ಕೊಟ್ಟರೆ ಹೋಗಿಬಿಡ್ತಾಳೆ’ ಎಂದೆ.

‘ಕೊಡದೆ ಹೋದ್ರೆ?’

‘ಔಷಧಿ ಇಳಿಯುವ ತನಕ ಅವಳ ಉಸಿರು ನಾವು ಆಡಬೇಕು.’

ಕೊಟ್ರಮ್ಮ ನನ್ನ ಮುಖ ನೋಡಿದರು. ನನ್ನ ವಯಸ್ಸು ಅವರ ಸೊಸೆಗಿಂತ ಬಹಳ ಹೆಚ್ಚಿರಲಿಲ್ಲ. ‘ಹೆಂಗೆ ಮಾಡ್ಬೇಕು ತೋರ್ಸ್ರಿ’ ಎಂದರು.

ಆಟ್ರೊಪಿನ್ ಕೊಟ್ಟೆ, ಗಂಟಲಿನ ನೀರು ಎಳೆದೆ. ಅರಿವಳಿಕೆ ಡಾಕ್ಟರಿಗೆ ಹೇಳಿ ಕಳಿಸಿದೆ. ಅವರು ತಮ್ಮ ರಬ್ಬರ್ ಚೀಲ, ಮುಖಕ್ಕೆ ಹಿಡಿಯುವ ಮಾಸ್ಕು, ಆಕ್ಸಿಜನ್ ಸಿಲಿಂಡರ್ ಎಲ್ಲ ತಂದರು. ಮಾಸ್ಕು ಒತ್ತಿ ಹಿಡಿದು ಚೀಲ ಅದುಮಿದರೆ ಹಾಲಮ್ಮನ ಎದೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಆಗ ಊರಿನಲ್ಲಿ ಉಸಿರಾಟದ ಯಂತ್ರ ಎಲ್ಲಿತ್ತು, ಮನುಷ್ಯರ ಕೈಯೇ ಯಂತ್ರ. ನಾನು ಅದುಮಿದೆ, ಅವರು ಅದುಮಿದರು, ನಮ್ಮ ಕೈ ಸೋತವು. ಕೊಟ್ರಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಚೀಲಕ್ಕೆ ಕೈ ಹಾಕಿದರು. ಒಂದೇ ಲಯ, ತಪ್ಪದ ಲಯ. ಸಟ್ಟುಗ ಆಡಿಸಿದ ತೋಳಿಗೆ ಅದು ಭಾರವೇ ಆಗಲಿಲ್ಲ. ಅವರು ಸೊಸೆಯ ಎದೆಯನ್ನೇ ನೋಡುತ್ತಾ, ಏರಿದಾಗ ತಾವೂ ಉಸಿರು ತೆಗೆದುಕೊಂಡು, ಇಳಿದಾಗ ಬಿಡುತ್ತಿದ್ದರು. ಹನುಮಂತಪ್ಪ ಒಮ್ಮೆ, ‘ನಾನು ಮಾಡ್ತೀನವ್ವ’ ಎಂದ. ‘ಕೂಡು ಅಲ್ಲಿ’ ಎಂದರು. ಗಿರಣಿಯ ಸಂಜೆಯ ಕೂಗು ಕೇಳಿದ ಮೇಲೆ ಹಾಲಮ್ಮನ ಎದೆ ಚೀಲಕ್ಕೆ ಕಾಯದೆ ತಾನೇ ಒಮ್ಮೆ ಎದ್ದಿತು. ಆಮೇಲೆ ಮತ್ತೆ.

ಮರುದಿನ ಊರಿಗೆ ಬಂದ ಗುರುಸಿದ್ದಪ್ಪನವರು ಎಲ್ಲ ಕೇಳಿ, ‘ಪಾಪೆ ನೋಡಿದ್ಯಾ’ ಎಂದರು. ‘ನೋಡಿದೆ’ ಎಂದೆ. ಅವರು ರೋಗಿಗಳನ್ನು ನೋಡಲು ಹೋದರು. ಅಂದಿನಿಂದ ಜ್ವರ, ಲಕ್ವದವರು ಬಂದರೂ, ‘ಆ ಡಾಕ್ಟ್ರಮ್ಮನ ಹತ್ರ ತೋರಿಸ್ರಿ’ ಎನ್ನತೊಡಗಿದರು. ಬಡ್ತಿ ಅಂದರೆ ಅದು, ಬೇರೆ ಬಡ್ತಿ ನನಗೆ ನೆನಪಿಲ್ಲ.

ಹಾಲಮ್ಮ ಭಟ್ಟಿ ಬಿಟ್ಟು ಮುಂಬಾಗಿಲಿನ ಅಂಗಡಿಯಲ್ಲಿ ಕೂತಳು. ಬೆಳಿಗ್ಗೆ ವ್ಯಾಪಾರ, ಮಧ್ಯಾಹ್ನ ಮಲಗುವುದು. ಮರುವರ್ಷ ಬಸುರಿಯಾದಳು. ಹೆರಿಗೆಗೆ ನಾನಿದ್ದೆ. ಗರ್ಭಕೋಶದ ಸ್ನಾಯುವಿಗೆ ಈ ರೋಗ ತಾಗುವುದಿಲ್ಲ, ಆದರೆ ಮುಕ್ಕಿ ಮಗುವನ್ನು ತಳ್ಳುವ ಹೊತ್ತಿಗೆ ಕಸುವು ಸಾಲದೆ ನಾನು ಇಕ್ಕಳ ಹಾಕಿ ಮಗುವನ್ನು ತೆಗೆದೆ. ಗಂಡು ಮಗು, ತೂಕ ಚೆನ್ನಾಗಿತ್ತು. ಆದರೆ ಅಳು ಬೆಕ್ಕಿನ ಮರಿಯ ಹಾಗೆ. ಮೊಲೆಗೆ ಹಿಡಿದರೆ ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ರೆಪ್ಪೆ ಅರ್ಧ ಮುಚ್ಚಿತ್ತು.

ಕೊಟ್ರಮ್ಮ ಮಗುವನ್ನು ಎತ್ತಿ ದೀಪದ ಕಡೆ ಹಿಡಿದು ನೋಡಿದರು, ನನ್ನ ಕೈಗೆ ಕೊಟ್ಟರು. ಹಾಲಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದೇ ಔಷಧಿಯ ಅತಿ ಸಣ್ಣ ಪ್ರಮಾಣ ಕೊಟ್ಟೆವು. ಮಗು ಚೀಪಿತು. ಔಷಧಿ ಇಳಿದಾಗ ಮತ್ತೆ ಸೋತಿತು. ಆಗ ಒಳಲೆಯಲ್ಲಿ ಹಾಲು ಹಿಂಡಿ ಹನಿ ಹನಿಯಾಗಿ ಹಾಕುತ್ತಿದ್ದೆವು. ಹೀಗೆ ಕೆಲವು ವಾರ. ಮೆಲ್ಲಗೆ ಔಷಧಿ ಬೇಡವಾಗುತ್ತಾ ಬಂತು. ಒಂದು ದಿನ ಕೊಡದೆ ನೋಡಿದೆವು. ಮಗು ಓಣಿಗೆಲ್ಲ ಕೇಳುವ ಹಾಗೆ ಅತ್ತಿತು.

ಗುರುಸಿದ್ದಪ್ಪನವರು ಇದನ್ನು ಬಹಳ ಯೋಚಿಸಿದರು. ‘ತಾಯಿಗೆ ಇರೋದು ಮಗಿಗೆ ಬಂತು, ಬಂದದ್ದು ಹೋತು. ಅಂದ್ರೆ ಇದು ತಾಯಿ ರಕ್ತದಾಗೆ ಐತೆ. ಹೊಕ್ಕಳ ಬಳ್ಳಿ ಕೊಯ್ದ ಮ್ಯಾಲೆ ಬರೋದು ನಿಂತು, ಇದ್ದದ್ದು ಕರಗೈತೆ’ ಎಂದರು. ಆ ವಸ್ತು ಯಾವುದು ಎಂದು ಕೇಳಿದೆ. ‘ನಂಗೊತ್ತಿಲ್ಲ. ಪುಸ್ತಕದವರಿಗೂ ಗೊತ್ತಿಲ್ಲ’ ಎಂದರು. ಮುಂದೆ ಮಗುವಿಗೆ ದೊಡ್ಡವನಾದ ಮೇಲೆ ಮತ್ತೆ ಬರುತ್ತದೆಯೇ ಎಂದು ಹನುಮಂತಪ್ಪ ಕೇಳಿದಾಗ ಅವರು, ‘ಬರಂಗಿಲ್ಲ ಅಂತ ಕಾಣ್ತೈತೆ, ಆದ್ರೆ ನಾನು ಆಣೆ ಮಾಡಿ ಹೇಳಲಾರೆ’ ಎಂದರು. ಅದು ಅವತ್ತಿನ ಮಟ್ಟಿಗೆ ನಿಜವಾದ ಉತ್ತರ. ಹಾಲಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ಗುರುಸಿದ್ದಪ್ಪನವರು ತೀರಿಹೋದರು. ನರ್ಸಿಂಗ್ ಹೋಮ್ ಮುಚ್ಚಿತು, ನಾನು ವಿದ್ಯಾನಗರದಲ್ಲಿ ಸ್ವಂತ ಕ್ಲಿನಿಕ್ ಇಟ್ಟೆ. ಸಂದಿನ ವಿಷಯ ನಾವು ಓದಿದ್ದಕ್ಕಿಂತ ಎಷ್ಟೋ ಮುಂದೆ ಹೋಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಸಂದಿನ ಚಿತ್ರವೇ ತೆಗೆದರು. ನರದ ತುದಿಯಲ್ಲಿ ರಸ ಪುಟ್ಟ ಪುಟ್ಟ ಚೀಲಗಳಲ್ಲಿ ಕಟ್ಟಿಟ್ಟಿರುತ್ತದೆ, ಒಂದೊಂದು ಚೀಲ ಒಡೆದು ಸುರಿಯುತ್ತದೆ ಎಂದು ಕಂಡರು. ಮಿದುಳಿನೊಳಗೆ ನರಕ್ಕೂ ನರಕ್ಕೂ ನಡುವೆ ಇಂಥವೇ ಲೆಕ್ಕವಿಲ್ಲದಷ್ಟು ಸಂದುಗಳು, ಅಲ್ಲಿ ಅಸಿಟೈಲ್‌ಕೋಲಿನ್ ಅಲ್ಲದೆ ಬೇರೆ ಬೇರೆ ರಸಗಳು. ಕೈ ನಡುಗುವ ರೋಗ, ಮನಸ್ಸು ಕುಗ್ಗುವ ರೋಗ ಎಲ್ಲಕ್ಕೂ ಆ ಸಂದಿನಲ್ಲೇ ಹುಡುಕಾಟ ಶುರುವಾಯಿತು. ನೀವೆಲ್ಲ ಈಗ ಮೊದಲ ವರ್ಷದಲ್ಲೇ ಇದನ್ನು ಬಣ್ಣದ ಚಿತ್ರದಲ್ಲಿ ನೋಡುತ್ತೀರಿ.

ಎಪ್ಪತ್ತರ ದಶಕದಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಹಾಲಮ್ಮನ ರೋಗದ ವಿಷಯ ಓದಿದೆ. ನರ ರಸ ಬಿಡುವುದರಲ್ಲಿ ಏನೂ ಕೊರತೆಯಿಲ್ಲ. ಸ್ನಾಯುವಿನ ಕಡೆ ರಸವನ್ನು ಹಿಡಿದುಕೊಳ್ಳುವ ಜಾಗಗಳಿವೆ. ಸೋಂಕಿನ ವಿರುದ್ಧ ಕಾದಾಡಬೇಕಾದ ರಕ್ತದ ಅಂಶವೇ ತಪ್ಪು ತಿಳಿದು ಆ ಜಾಗಗಳನ್ನು ಹಾಳುಮಾಡುತ್ತದೆ. ಅದು ತಾಯಿಯಿಂದ ಮಗುವಿಗೆ ಹೋಗುತ್ತದೆ, ಮಗುವಿನ ಮೈ ಅದನ್ನು ಹೊಸದಾಗಿ ಮಾಡುವುದಿಲ್ಲ, ಇದ್ದದ್ದು ಕರಗಿದರೆ ಮುಗಿಯಿತು.

ಪತ್ರಿಕೆ ಮಡಿಚಿಟ್ಟು ಸಂಜೆ ಭಟ್ಟಿಯ ಓಣಿಗೆ ಹೋದೆ. ಕೊಟ್ರಮ್ಮನಿಗೆ ವಯಸ್ಸಾಗಿತ್ತು, ಕಟ್ಟೆಯ ಮೇಲೆ ಕೂತು ಕೆಲಸದವರಿಗೆ ಹೇಳುತ್ತಿದ್ದರು. ಹಾಲಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ನಡುನಡುವೆ ನಿಲ್ಲಿಸಿ ತೋಳಿಗೆ ವಿಶ್ರಾಂತಿ ಕೊಡುತ್ತಾ. ನಾನು ಕೂತು ಓದಿದ್ದನ್ನೆಲ್ಲ ಹೇಳಿದೆ. ಅವಳು ಕೈಯಲ್ಲಿನ ಹಿಟ್ಟು ಒಣಗುವ ತನಕ ಕೇಳಿದಳು.

‘ಹಂಗಾರೆ ಅವಂಗೆ ಬರಂಗಿಲ್ವಾ’ ಎಂದಳು.

‘ಇಲ್ಲ. ಅವನು ಕೂಸಿದ್ದಾಗಲೇ ಅದು ಹೋಯಿತು. ಇದರ ದೆಸೆಯಿಂದ ಅವನಿಗೆ ಇನ್ನು ಹೆದರಿಕೆಯಿಲ್ಲ.’

ಅವಳು ಕೈಯ ಒಣ ಹಿಟ್ಟು ಉಜ್ಜಿ ತೆಗೆದಳು. ‘ಇಷ್ಟು ವರ್ಷ ದಿನಾ ಸಂಜಿ ನೋಡ್ತಿದ್ದೆ ಅಕ್ಕಾರೆ. ಅವನು ಉಣ್ಣಾಕ ಕುಂತಾಗ. ರೆಪ್ಪಿ ಇಳೀತೈತಾ ಅಂತ, ದವಡಿ ಆಡ್ತೈತಾ ಅಂತ. ಅವಂಗೆ ಗೊತ್ತಾಗದಂಗೆ ನೋಡ್ತಿದ್ದೆ. ಯಾರಿಗೂ ಹೇಳಿಲ್ಲ.’

ವರ್ಷಕ್ಕೆ ಎಷ್ಟೋ ಸಲ ಅವಳು ಕ್ಲಿನಿಕ್ಕಿಗೆ ಬಂದು ಹೋಗಿದ್ದಳು, ಗುಳಿಗೆಯ ಮಾತು ಬಿಟ್ಟು ಬೇರೆ ಕೇಳಿರಲಿಲ್ಲ.

ಅಷ್ಟರಲ್ಲಿ ಮಗ ಹೈಸ್ಕೂಲಿನಿಂದ ಬಂದ. ಎತ್ತರದ ಹುಡುಗ, ಮೀಸೆ ಚಿಗುರುತ್ತಿತ್ತು. ಬೂಟು ಬಿಚ್ಚಿ ಎಸೆದು, ‘ಹಸಿವಾಗೈತೆ ಅವ್ವ’ ಎಂದು ತಟ್ಟೆ ಹಾಕಿಕೊಂಡು ಕೂತ. ಹಾಲಮ್ಮ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಅವನು ಉಣ್ಣತೊಡಗಿದ. ಅವಳು ಅವನಿಗೆ ಬೆನ್ನು ಮಾಡಿ ಒಲೆಯ ಕಡೆ ತಿರುಗಿ, ಮುಂದಿನ ರೊಟ್ಟಿ ಬಡಿಯತೊಡಗಿದಳು.